ಜಂಗು, ಗೇಟು ಮತ್ತು ಆದಿಲಶಾಹಿ ತೋಪುಗಳು

ಹೋದ ದೀಪಾವಳಿಗೆ ತೊರವಿಯ ನಮ್ಮ ಮನೆ ಗೇಟಿಗೆ ನಾನೇ ಕೈಯಾರೆ ಬಣ್ಣ ಬಳಿದಿದ್ದೆ. ಕೀಬೋರ್ಡ್ ಕುಟ್ಟುವ ಕೈಗೆ ಬ್ರಶ್ ಹಿಡಿಯುವ ಹುಕಿ. ತುಕ್ಕಿನ ಮೇಲೆಯೇ ನೇರವಾಗಿ ಎರಡು ಕೋಟು ಎನಾಮಲ್! ಫೋಟೋದಲ್ಲಿ ಭರ್ಜರಿಯಾಗಿ ಕಂಡಿತ್ತು. ಈ ಸಲ ಹೋಗಿ ನೋಡಿದರೆ ಬಣ್ಣವೆಲ್ಲ ಗುಳ್ಳೆ ಎದ್ದು, ಉಗುರು ತಾಗಿಸಿದರೆ ಹಪ್ಪಳದ ಹಾಗೆ ಕಿತ್ತು ಬರುತ್ತಿತ್ತು. ಅಪ್ಪ ಏನೂ ಅನ್ನಲಿಲ್ಲ. ಅದೇ ಹೆಚ್ಚು ಚುಚ್ಚಿತು. ಪೇಂಟರ್ ಕಾಕಾ ಮಾತ್ರ ಸುಮ್ಮನಿರಲಿಲ್ಲ: "ಜಂಗಿನ ಮ್ಯಾಲೆ ಬಣ್ಣ ಬಡದೀಯಲ್ಲೋ ತಮ್ಮಾ, ಹುಣ್ಣಿನ ಮ್ಯಾಲೆ ಪೌಡರ್ ಹಚ್ಚಿದಂಗ ಆತು."

ಜಂಗು ಅಂದರೆ ತುಕ್ಕು. ಪಾರಸಿಯ 'ಝಂಗ್' ನಮ್ಮ ಕಡೆ ಹೀಗೆ ಉಳಿದುಕೊಂಡಿದೆ. ಪಾರಸಿ ಬಲ್ಲ ಸುಲ್ತಾನರ ನೆಲ ನೋಡಿ. ಎರಡನೇ ಇಬ್ರಾಹಿಂ ಆದಿಲಶಾಹ 1599ರಲ್ಲಿ ಇದೇ ತೊರವಿಯಲ್ಲಿ ನೌರಸಪುರ ಅಂತ ಹೊಸ ಊರು ಕಟ್ಟಿಸಲು ಶುರು ಮಾಡಿದ. 1624ರಲ್ಲಿ ಮಲಿಕ್ ಅಂಬರ್ ಅದನ್ನು ಹಾಳುಗೆಡವಿದ. ಸಂಗೀತ ಮಹಲಿನ ಗೋಡೆಗಳು ಈಗಲೂ ನಿಂತಿವೆ. ಇರಲಿ, ನನ್ನ ತಲೆ ಕೊರೆದದ್ದು ಬೇರೆ ಪ್ರಶ್ನೆ. ಒಂದು ವರ್ಷಕ್ಕೇ ನನ್ನ ಗೇಟು ಈ ಗತಿಯಾದರೆ, ಐದಾರು ಕಿಲೋಮೀಟರ್ ಆಚೆ ವಿಜಯಪುರದ ಬುರುಜುಗಳ ಮೇಲೆ ನಾನೂರು ವರ್ಷದಿಂದ ಬಿಸಿಲು-ಮಳೆಗೆ ಬಿದ್ದಿರುವ ತೋಪುಗಳ ಕತೆ ಏನು?

ಭಾನುವಾರ ಬೈಕು ಹತ್ತಿದೆ.

ಮೊದಲು ಮಲಿಕ್-ಎ-ಮೈದಾನ. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದದ್ದು, ಪರಂಡಾ ಕೋಟೆಯಿಂದ 1632ರಲ್ಲಿ ಇಲ್ಲಿಗೆ ಬಂದದ್ದು. ತೂಕ ಸುಮಾರು 55 ಟನ್. ಬಾಯಿಯ ಕಡೆ ಆನೆಯನ್ನು ಜಗಿಯುತ್ತಿರುವ ಸಿಂಹದ ಮುಖ. ಆದರೆ ನನ್ನ ಪ್ರಶ್ನೆಗೆ ಇದು ಸಾಕ್ಷಿಯಾಗಲ್ಲ, ಯಾಕೆಂದರೆ ಇದು ಕಂಚು. ತಾಮ್ರ-ತವರದ ಮೇಲೆ ಕಟ್ಟುವ ಪೊರೆ ಒತ್ತಾಗಿ ಕೂತು ಒಳಗಿನ ಲೋಹವನ್ನು ಕಾಯುತ್ತದೆ. ಕಂಚಿಗೆ ಜಂಗು ಹಿಡಿಯುವುದಿಲ್ಲ.

ಅದಕ್ಕೆ ಬೇರೆಯೇ ಗಂಡಾಂತರ ಬಂದಿತ್ತು. 1854ರಲ್ಲಿ ಸಾತಾರಾದ ಬ್ರಿಟಿಷ್ ಕಮಿಷನರ್ ಹಳೇ ಸಾಮಾನೆಲ್ಲ ಹರಾಜು ಹಾಕಲು ಹುಕುಂ ಮಾಡಿದಾಗ ಈ ತೋಪಿಗೆ ಬಂದ ಅತಿ ಹೆಚ್ಚಿನ ಸವಾಲು 150 ರೂಪಾಯಿ! ಊರ ಜನಕ್ಕೆ ಇದರ ಮೇಲಿರುವ ಭಕ್ತಿಯನ್ನು ಕೆಳಗಿನ ಅಧಿಕಾರಿಗಳು ಮೇಲಕ್ಕೆ ತಿಳಿಸಿದ್ದರಿಂದ ಮಾರಾಟ ನಿಂತಿತು. ಇಲ್ಲದಿದ್ದರೆ ಯಾರ ಮನೆಯ ಹಂಡೆ-ತಪ್ಪಲೆ ಆಗುತ್ತಿತ್ತೋ.

ನಿಜವಾದ ಸಾಕ್ಷಿ ಇರುವುದು ಉಪಲಿ ಬುರುಜಿನ ಮೇಲೆ. 1583ರ ಸುಮಾರಿಗೆ ಹೈದರಖಾನ್ ಕಟ್ಟಿಸಿದ್ದು. ಹೊರಗಿನಿಂದ ಸುತ್ತಿಕೊಂಡು ಹೋಗುವ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ನಿಂತರೆ ಎದುರಿಗೆ ಮೂವತ್ತು ಅಡಿಗೂ ಉದ್ದದ ಕಬ್ಬಿಣದ ತೋಪು, ಪಕ್ಕದಲ್ಲಿ ಅದರ ತಮ್ಮ. ಇವು ಎರಕದವಲ್ಲ. ಕಬ್ಬಿಣದ ಉದ್ದನೆಯ ಪಟ್ಟಿಗಳನ್ನು ಜೋಡಿಸಿ, ಅದರ ಮೇಲೆ ಕಾಯಿಸಿದ ಬಳೆಗಳನ್ನು ಒಂದರ ಪಕ್ಕ ಒಂದು ತೊಡಿಸಿ ಬಡಿದದ್ದು. ಬಳೆ ತಣಿದಂತೆ ಕುಗ್ಗಿ ಬಿಗಿಯುತ್ತದೆ, ಗಾಡಿಯ ಚಕ್ಕಡಿಗೆ ಹಳಿ ಕೂಡಿಸಿದ ಹಾಗೆಯೇ. ಮೈ ಕಂದು-ಕಪ್ಪು. ಜಂಗು ಇದೆ, ಆದರೆ ತಿಂದು ಮುಗಿಸಿಲ್ಲ.

ಯಾಕೆ? ಒಂದು, ದಪ್ಪ. ಇಂಚುಗಟ್ಟಲೆ ದಪ್ಪದ ಕಬ್ಬಿಣ ಒಂದೆರಡು ಮಿಲಿಮೀಟರ್ ಕಳೆದುಕೊಂಡರೆ ಗೊತ್ತೂ ಆಗುವುದಿಲ್ಲ. ನನ್ನ ಗೇಟಿನ ತಗಡಿನ ಒಟ್ಟು ದಪ್ಪವೇ ಅಷ್ಟು :-) ಇನ್ನೊಂದು, ನಮ್ಮ ಒಣ ಹವೆ. ತುಕ್ಕಿಗೆ ಗಾಳಿಯ ಜೊತೆ ನೀರೂ ಬೇಕು, ನಮ್ಮ ಜಿಲ್ಲೆಗೆ ಇಲ್ಲದಿರುವುದೇ ಅದು. ಇದೇ ತೋಪು ಮಂಗಳೂರಿನ ಕಡಲ ದಂಡೆಯಲ್ಲಿದ್ದಿದ್ದರೆ ಕತೆಯೇ ಬೇರೆ.

ದೆಹಲಿಯ ಕಬ್ಬಿಣದ ಕಂಬಕ್ಕೆ ಮೂರನೆಯ ಕಾರಣವೂ ಇದೆ. ಕಾನ್ಪುರ ಐಐಟಿಯ ಪ್ರೊ. ಆರ್. ಬಾಲಸುಬ್ರಮಣ್ಯಂ (ನಮ್ಮ ದೇಶದ ತೋಪುಗಳ ಮೇಲೂ 2008ರಲ್ಲಿ ಪುಸ್ತಕ ಬರೆದವರು, ಮರುವರ್ಷವೇ ತೀರಿಕೊಂಡರು) ವಿವರಿಸಿದ ಪ್ರಕಾರ ಆ ಕಂಬದ ಕಬ್ಬಿಣದಲ್ಲಿ ರಂಜಕ ಹೆಚ್ಚು. ಅದು ಮೇಲ್ಮೈಯಲ್ಲಿ ಕಬ್ಬಿಣದ ಫಾಸ್ಫೇಟಿನ ತೆಳು ಪೊರೆಯಾಗಿ ಕೂತು ಕಾಯುತ್ತಿದೆ.

ಇದನ್ನು ಓದುವಾಗ ಪಕ್ಕದಲ್ಲಿ ಕಾಕಾ ತಂದಿಟ್ಟ ಜಂಗು ತೆಗೆಯುವ ಔಷಧಿಯ ಬಾಟ್ಲಿ ಇತ್ತು. ತಿರುಗಿಸಿ ನೋಡಿದರೆ ಫಾಸ್ಫಾರಿಕ್ ಆಮ್ಲ! ಅದು ತುಕ್ಕನ್ನು ತಿಂದು ಫಾಸ್ಫೇಟ್ ಮಾಡುತ್ತದೆ. ಇಂಗ್ಲೆಂಡಿನ ಥಾಮಸ್ ಕಾಸ್ಲೆಟ್ 1906ರಲ್ಲಿ ಇದೇ ಜಾತಿಯ ಉಪಾಯಕ್ಕೆ ಪೇಟೆಂಟ್ ಪಡೆದಿದ್ದ. ಕಾರಿನ ಮೈಗೆ ಬಣ್ಣ ಬಳಿಯುವ ಮುಂಚೆ ಇಂದಿಗೂ ಫಾಸ್ಫೇಟ್ ಸ್ನಾನ ಮಾಡಿಸುತ್ತಾರೆ.

ಕಾಕಾ ಗೇಟಿಗೆ ಮಾಡಿದ್ದು ಇಷ್ಟೆ. ತಂತಿ ಬ್ರಶ್ಶಿನಿಂದ ಉದುರುವಷ್ಟನ್ನೂ ಉದುರಿಸಿದ. ಎಮರಿ ಕಾಗದದಲ್ಲಿ ಉಜ್ಜಿದ, ಔಷಧಿ ಹಚ್ಚಿ ಕಾಯ್ದು, ಒರೆಸಿ ಒಣಗಿಸಿದ. ತುಕ್ಕು ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಜಾಗ ಹಿಡಿಯುತ್ತದೆ, ಸ್ಪಂಜಿನಂತೆ ನೀರು ಹೀರುತ್ತದೆ. ಬಣ್ಣದ ಅಡಿಯಲ್ಲಿ ಉಳಿದರೆ ಅಲ್ಲೇ ಬೆಳೆದು ಬಣ್ಣವನ್ನು ಎತ್ತುತ್ತದೆ. ನನ್ನ ಗುಳ್ಳೆಗಳ ರಹಸ್ಯ ಅದೇ. "ರಾತ್ರಿ ಇಬ್ಬನಿ ಬೀಳೂದ್ರಾಗ ಪ್ರೈಮರ್ ಆಗಬೇಕು" ಅಂತ ಸಂಜೆಯೊಳಗೇ ರೆಡ್ ಆಕ್ಸೈಡ್ ಬಳಿದು ಮುಗಿಸಿದ. ತಮಾಷೆ ಏನೆಂದರೆ ಆ ಕೆಂಪು ಪುಡಿಯೂ ಕಬ್ಬಿಣದ ಆಕ್ಸೈಡೇ, ಜಂಗಿನ ದಾಯಾದಿ.

ಮೇಲಿನ ಬಣ್ಣ ಯಾವುದಿರಲಿ ಅಂತ ಕೇಳಿದರು. ತೋಪಿನ ಕಪ್ಪು ಅಂದೆ. ಅಪ್ಪ ಈಗ ಬಾಯಿ ಬಿಟ್ಟರು: "ಬ್ಯಾಡ, ಹಸಿರು ಹಚ್ಚು."