ಮಕ್ಕಳಲ್ಲಿ ಕಿವಿಯ ಹಿಂಬದಿಯ ಮೂಳೆಯ ಸೋಂಕು (ಮ್ಯಾಸ್ಟಾಯ್ಡೈಟಿಸ್): ಲಕ್ಷಣ, ಚಿಕಿತ್ಸೆ ಹಾಗೂ ಸೌಲಭ್ಯಗಳು

ಅರಭಾವಿ ಭಾಗದ ಪಾಲಕರ ಮಾಹಿತಿಗಾಗಿ

ರೋಗದ ಸ್ವರೂಪ
ಕಿವಿಯ ಹಿಂದೆ ಕೈಗೆ ತಾಗುವ ಗಟ್ಟಿ ಉಬ್ಬನ್ನು ಮ್ಯಾಸ್ಟಾಯ್ಡ್ ಮೂಳೆ ಎನ್ನಲಾಗುತ್ತದೆ. ಇದರೊಳಗಿನ ಗಾಳಿಗೂಡುಗಳು ಮಧ್ಯಕಿವಿಯೊಂದಿಗೆ ಸಂಪರ್ಕ ಹೊಂದಿರುತ್ತವೆ. ಆದ್ದರಿಂದ ನೆಗಡಿಯ ನಂತರ ಮಧ್ಯಕಿವಿಯಲ್ಲಿ ಉಂಟಾಗುವ ಸೋಂಕು ಈ ಮೂಳೆಗೂ ಹರಡಬಹುದಾಗಿದೆ. ಎರಡು ವರ್ಷದೊಳಗಿನ ಮಕ್ಕಳಲ್ಲಿ ಇದು ಹೆಚ್ಚಾಗಿ ಕಂಡುಬರುತ್ತದೆ.

ಲಕ್ಷಣಗಳು
1. ಕಿವಿಯ ಹಿಂದೆ ಬಾವು, ಕೆಂಪು ಹಾಗೂ ಮುಟ್ಟಿದರೆ ನೋವು
2. ಕಿವಿಯ ಹಾಲೆ ಮುಂದಕ್ಕೆ ಚಾಚಿ, ಕೆಳಕ್ಕೆ ಜರುಗಿದಂತೆ ಕಾಣುವುದು
3. ಜ್ವರ, ಕಿವಿ ಸೋರುವುದು
4. ಹಸುಗೂಸುಗಳಲ್ಲಿ ಎಡೆಬಿಡದ ಅಳು, ಹಾಲು ಕುಡಿಯದಿರುವುದು

ಕಿವಿಯ ಹಿಂದೆ ಬಾವು ಕಂಡುಬಂದಲ್ಲಿ ಅದೇ ದಿನ ವೈದ್ಯರಿಗೆ ತೋರಿಸತಕ್ಕದ್ದು. ವಿಳಂಬವಾದಲ್ಲಿ ಶ್ರವಣದೋಷ, ಮುಖದ ಪಾರ್ಶ್ವವಾಯು, ಮಿದುಳು ಪೊರೆಯ ಉರಿಯೂತ ಅಥವಾ ಮಿದುಳಿನಲ್ಲಿ ಕೀವು ತುಂಬುವ ಸಂಭವವಿರುತ್ತದೆ. ಮಗುವಿಗೆ ಮಂಪರು, ಫಿಟ್ಸ್, ಪದೇ ಪದೇ ವಾಂತಿ ಅಥವಾ ಬಾಯಿ ಸೊಟ್ಟಗಾಗುವುದು ಕಂಡುಬಂದಲ್ಲಿ ಕೂಡಲೇ 108ಕ್ಕೆ ಕರೆ ಮಾಡುವುದು.

ಪತ್ತೆ ಹಾಗೂ ಚಿಕಿತ್ಸೆ
ವೈದ್ಯರು ಉಪಕರಣದ ಮೂಲಕ ಕಿವಿಯ ತಮಟೆಯನ್ನು ಪರೀಕ್ಷಿಸುವರು. ರಕ್ತ ಹಾಗೂ ಕೀವಿನ ಪರೀಕ್ಷೆ, ಅವಶ್ಯವಿದ್ದಲ್ಲಿ ಸಿ.ಟಿ. ಸ್ಕ್ಯಾನ್ ಮಾಡಲಾಗುವುದು. ಮಗುವನ್ನು ಒಳರೋಗಿಯಾಗಿ ದಾಖಲಿಸಿ ರಕ್ತನಾಳದ ಮೂಲಕ ಪ್ರತಿಜೀವಕ ಔಷಧಿ ನೀಡಲಾಗುತ್ತದೆ. ಮಧ್ಯಕಿವಿಯಲ್ಲಿ ತುಂಬಿದ ಕೀವನ್ನು ತಮಟೆಯಲ್ಲಿ ಸಣ್ಣ ರಂಧ್ರ ಮಾಡಿ ಹೊರತೆಗೆಯಬಹುದು. ಕೀವುಗಟ್ಟಿದ್ದಲ್ಲಿ ಅಥವಾ ಸುಮಾರು ಎರಡು ದಿನಗಳಲ್ಲಿ ಗುಣ ಕಾಣದಿದ್ದಲ್ಲಿ ಸೋಂಕಿತ ಮೂಳೆಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯಬೇಕಾಗಬಹುದು. ಗುಣವಾದ ನಂತರ ಶ್ರವಣ ಪರೀಕ್ಷೆ ಮಾಡಿಸುವುದು ಅಗತ್ಯ.

ಸೌಲಭ್ಯ ಪಡೆಯುವ ವಿಧಾನ
ಮೊದಲು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ಗೋಕಾಕ, ಹುಕ್ಕೇರಿ ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಬಹುದು. ಹೆಚ್ಚಿನ ಚಿಕಿತ್ಸೆಗೆ ಬೆಳಗಾವಿಯ ಬಿಮ್ಸ್ ಜಿಲ್ಲಾ ಆಸ್ಪತ್ರೆಗೆ ಕಳುಹಿಸಿದಲ್ಲಿ ರೆಫರಲ್ ಪತ್ರ, ಪಡಿತರ ಚೀಟಿ ಹಾಗೂ ಆಧಾರ್ ಕಾರ್ಡನ್ನು ಜೊತೆಗೆ ಒಯ್ಯುವುದು. 2018ರಿಂದ ಜಾರಿಯಲ್ಲಿರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ, ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆ ಬಿ.ಪಿ.ಎಲ್. ಕುಟುಂಬಕ್ಕೆ ವಾರ್ಷಿಕ ರೂ. 5 ಲಕ್ಷದವರೆಗೆ ನೆರವು ಲಭ್ಯವಿದೆ. ತುರ್ತು ಸಂದರ್ಭದಲ್ಲಿ ರೆಫರಲ್ ಪತ್ರಕ್ಕಾಗಿ ಕಾಯದೆ ಮಗುವನ್ನು ನೇರವಾಗಿ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.

ಮುಂಜಾಗ್ರತೆ
• ಸೋರುವ ಕಿವಿಗೆ ಎಣ್ಣೆ, ಬೆಳ್ಳುಳ್ಳಿ ರಸ ಹಾಕಬಾರದು. ಕಡ್ಡಿ, ಪಿನ್ನು ಬಳಸಬಾರದು.
• ಮಗುವನ್ನು ಅಂಗಾತ ಮಲಗಿಸಿ ಬಾಟಲಿಯಿಂದ ಹಾಲು ಕುಡಿಸಬಾರದು.
• ನೋವು ಕಡಿಮೆಯಾಯಿತೆಂದು ಔಷಧಿಯನ್ನು ನಡುವೆ ನಿಲ್ಲಿಸಬಾರದು.
• ಮಗುವಿಗೆ 6 ವಾರ, 14 ವಾರ ಹಾಗೂ 9 ತಿಂಗಳಿಗೆ ನೀಡುವ ನ್ಯೂಮೊಕಾಕಲ್ ಲಸಿಕೆಯನ್ನು ತಪ್ಪದೇ ಹಾಕಿಸುವುದು. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಇದು ಉಚಿತ.