ಮಾನಿಟರ್ ಹಡಗಿನ ಎಂಟು ಪದರದ ಗೋಪುರ

1862ರ ಮಾರ್ಚ್ 9ರಂದು, ಅಮೆರಿಕದ ಅಂತರ್ಯುದ್ಧದಲ್ಲಿ, ಎದುರಾಳಿ ವರ್ಜೀನಿಯಾ ಹಡಗಿನ ಗುಂಡುಗಳನ್ನು ಮಾನಿಟರ್ ಹಡಗಿನ ತಿರುಗುವ ಫಿರಂಗಿ ಗೋಪುರ ತಡೆದುಕೊಂಡಿತು. ಹೊಡೆತದ ತಗ್ಗುಗಳನ್ನು ಗೋಡೆಯಲ್ಲಿ ಈಗಲೂ ನೋಡಬಹುದು. ಗೋಡೆ 8 ಅಂಗುಲ ದಪ್ಪ. ಆದರೆ ಅದು ಒಂದೇ ಅಖಂಡ ಪ್ಲೇಟಲ್ಲ. ಅಂಗುಲ ದಪ್ಪದ 8 ಕಬ್ಬಿಣದ ಪ್ಲೇಟುಗಳನ್ನು ಬೋಲ್ಟು ಹಾಕಿ ಬಿಗಿದದ್ದು. ಯುದ್ಧದ ಅವಸರದಲ್ಲಿ ದಪ್ಪ ಪ್ಲೇಟಿಗಾಗಿ ಕಾಯುವಷ್ಟು ಪುರಸೊತ್ತಿರಲಿಲ್ಲ.

ನೇರ ಎಳೆತಕ್ಕೆ ಅಖಂಡ ಪ್ಲೇಟು, ಪದರದ ಪ್ಲೇಟು ಎರಡೂ ಸಮ. ಬಾಗಿಸಲು ಹೋದಾಗಲೇ ಅಸಲು ವ್ಯತ್ಯಾಸ: ಬಿಗಿಯದೆ ಪೇರಿಸಿದ ಪ್ಲೇಟುಗಳು ಪುಸ್ತಕದ ಹಾಳೆಗಳಂತೆ ಒಂದರ ಮೇಲೊಂದು ಜಾರುತ್ತವೆ. ಅಂಥ 8 ಪದರಗಳ ಬಾಗದಿರುವ ಬಿಗಿತ ಅಷ್ಟೇ ದಪ್ಪದ ಅಖಂಡ ಪ್ಲೇಟಿನ 64ರಲ್ಲಿ ಒಂದು ಪಾಲು ಮಾತ್ರ! ಬೋಲ್ಟು ಆ ಜಾರಿಕೆಯನ್ನು ತಕ್ಕಮಟ್ಟಿಗೆ ತಡೆಯುತ್ತದೆ, ಪೂರ್ತಿಯಲ್ಲ. ಪದರಕ್ಕೂ ತನ್ನದೇ ಗುಣವಿದೆ ಅನ್ನಿ: ಒಂದರಲ್ಲಿ ಬಿಟ್ಟ ಬಿರುಕು ಪಕ್ಕದ್ದಕ್ಕೆ ಸಲೀಸಾಗಿ ದಾಟದು. ಹೋಲಿಕೆಗೆ, ಅದೇ ಕಾಲದ ಬ್ರಿಟನ್ನಿನ ವಾರಿಯರ್ ಹಡಗಿಗೆ ಹಾಕಿದ್ದು 4.5 ಅಂಗುಲದ ಅಖಂಡ ಪ್ಲೇಟು.