ಪ್ಯಾರಿಸ್ ಗುಡ್ಡದ ಕೆಂಪು ನೀರು

ಖನಿಜಗಳ ಹೆಸರಿನ ಮೂಲ ಹುಡುಕುವುದು ನನಗೊಂದು ಹಳೆಯ ಚಟ. ಕೆಲವು ಹೆಸರು ಬಣ್ಣದಿಂದ ಬಂದಿರುತ್ತವೆ, ಕೆಲವು ಮನುಷ್ಯರಿಂದ, ಇನ್ನು ಕೆಲವು ಊರಿನಿಂದ. ಸೀಸದ ಸಲ್ಫೇಟ್ ಆಗಿರುವ ಒಂದು ಖನಿಜಕ್ಕೆ ಆಂಗ್ಲಿಸೈಟ್ ಎಂದು ಹೆಸರು. ಶುದ್ಧವಾಗಿದ್ದರೆ ಅದು ಬಣ್ಣವಿಲ್ಲದ, ವಜ್ರದಂತೆ ಹೊಳೆಯುವ ಹರಳು. 1783ರಲ್ಲಿ ಅದನ್ನು ಬೇರೆಯೇ ಖನಿಜವೆಂದು ಗುರುತಿಸಿದವನು ವಿಲಿಯಂ ವಿದರಿಂಗ್ ಎಂಬ ಇಂಗ್ಲಿಷ್ ವೈದ್ಯ. 1832ರಲ್ಲಿ ಫ್ರೆಂಚ್ ವಿಜ್ಞಾನಿ ಬ್ಯೂಡಾಂ ಅದಕ್ಕೆ ಅದು ಸಿಕ್ಕ ಜಾಗದ ಹೆಸರನ್ನೇ ಇಟ್ಟ. ಆ ಜಾಗ ವೇಲ್ಸ್‌ನ ವಾಯವ್ಯ ಮೂಲೆಯ ಆಂಗ್ಲಿಸಿ ದ್ವೀಪ. ಹೆಸರಿನ ಬೆನ್ನು ಹತ್ತಿ ಹೋದ ನನಗೆ ಅಲ್ಲಿ ಸಿಕ್ಕಿದ್ದು ಮಾತ್ರ ಸೀಸದ ಕಥೆಯಲ್ಲ, ತಾಮ್ರದ್ದು.

ಆಂಗ್ಲಿಸಿಯ ಉತ್ತರ ಕರಾವಳಿಯಲ್ಲಿ ಆಮ್ಲೂಖ್ ಎಂಬ ಪುಟ್ಟ ಊರಿದೆ. ಕನ್ನಡದ ಕಿವಿಗೆ ‘ಆಮ್ಲ’ ಎಂದೇ ಕೇಳುವ ಈ ವೆಲ್ಷ್ ಹೆಸರಿಗೂ ಆಮ್ಲಕ್ಕೂ ಭಾಷೆಯ ನಂಟೇನಿಲ್ಲ. ಚರಿತ್ರೆ ಮಾತ್ರ ನಂಟು ಕಟ್ಟಿದೆ. ಊರಿನ ದಕ್ಷಿಣಕ್ಕಿರುವುದು ಪ್ಯಾರಿಸ್ ಬೆಟ್ಟ. ಎತ್ತರ 147 ಮೀಟರ್ ಅಷ್ಟೆ. ಮಲೆನಾಡಿನವರು ಇದನ್ನು ಗುಡ್ಡ ಎಂದಾರೇ ಹೊರತು ಬೆಟ್ಟ ಎನ್ನಲಾರರು. ಚಿತ್ರಗಳಲ್ಲಿ ನೋಡಿದರೆ ಗುಡ್ಡದ ನೆತ್ತಿಯೇ ಬಗೆದು ಹೋಗಿ ದೊಡ್ಡ ಹೊಂಡವಾಗಿದೆ. ಅದರ ಗೋಡೆಗಳಲ್ಲಿ ಕಾವಿ, ಅರಿಶಿನ, ನೇರಳೆ, ಬೂದು ಬಣ್ಣಗಳು. ಹಸಿರು ಮಾತ್ರ ತೀರಾ ಅಪರೂಪ.

ಈ ಅದಿರು ಹುಟ್ಟಿದ್ದು ಸುಮಾರು 44 ಕೋಟಿ ವರ್ಷಗಳ ಹಿಂದೆ, ಸಮುದ್ರದ ತಳದಲ್ಲಿ. ಜ್ವಾಲಾಮುಖಿಯ ಶಾಖಕ್ಕೆ ಕಾದ ನೀರು ಬಿರುಕುಗಳಿಂದ ಚಿಮ್ಮುವಾಗ ಕರಗಿದ ಲೋಹಗಳನ್ನೂ ಗಂಧಕವನ್ನೂ ಹೊತ್ತು ತಂದು, ತಣ್ಣನೆಯ ಸಮುದ್ರದ ನೀರಿಗೆ ತಾಗಿದೊಡನೆ ಇಳಿಸಿಬಿಟ್ಟಿತು. ಹಾಗೆ ಕೂಡಿಕೊಂಡವು ತಾಮ್ರ ಮತ್ತು ಕಬ್ಬಿಣದ ಚಾಲ್ಕೋಪೈರೈಟ್, ಬರೀ ಕಬ್ಬಿಣದ ಪೈರೈಟ್, ಸೀಸದ ಗೆಲೀನಾ, ಸತುವಿನ ಸ್ಫಾಲರೈಟ್. ನಾಲ್ಕರಲ್ಲೂ ಗಂಧಕವಿದೆ. ನಮ್ಮ ಚಿತ್ರದುರ್ಗದ ಬಳಿಯ ಇಂಗಳದಾಳದಲ್ಲಿ, ಈಗ ನಿಂತುಹೋಗಿರುವ ಗಣಿಯಲ್ಲಿ, ತೆಗೆಯುತ್ತಿದ್ದ ತಾಮ್ರದ ಅದಿರೂ ಚಾಲ್ಕೋಪೈರೈಟೇ. ಗಂಧಕದ ಈ ಮಾತನ್ನು ನೆನಪಿಟ್ಟುಕೊಳ್ಳಿ. ಮುಂದಿನ ಕಥೆಯೆಲ್ಲ ಅದರ ಮೇಲೆ ನಿಂತಿದೆ.

ಸುಮಾರು ಮೂರೂವರೆ ಸಾವಿರ ವರ್ಷಗಳ ಹಿಂದೆ, ಕಂಚಿನ ಯುಗದ ಜನ ಈ ಗುಡ್ಡವನ್ನು ಗುಂಡುಕಲ್ಲುಗಳಿಂದ ಜಜ್ಜಿ ತಾಮ್ರ ತೆಗೆದಿದ್ದರು. ಆ ಕಲ್ಲುಗಳೂ ಅವರ ಬೆಂಕಿಯ ಇದ್ದಿಲೂ ಸಿಕ್ಕಿವೆ. ಆದರೆ ಗುಡ್ಡದ ಹಣೆಬರಹ ಬದಲಾದದ್ದು 1768ರ ಮಾರ್ಚ್ 2ರಂದು. ಅಂದು ರೋಲ್ಯಾಂಡ್ ಪಿಯು ಎಂಬ ಕೂಲಿಯ ಗುದ್ದಲಿಗೆ ಭಾರೀ ಅದಿರು ತಾಗಿತು. ಅವನಿಗೆ ಸಿಕ್ಕ ಬಹುಮಾನ ಒಂದು ಬಾಟಲಿ ಬ್ರಾಂದಿ ಮತ್ತು ಬದುಕಿರುವ ತನಕ ಬಾಡಿಗೆಯಿಲ್ಲದ ಒಂದು ಮನೆ ಎಂದು ಹೇಳುತ್ತಾರೆ. ಜಮೀನಿನ ಒಡೆತನಕ್ಕಾಗಿ ಎರಡು ಸಿರಿವಂತ ಮನೆತನಗಳು ಕೋರ್ಟು ಹತ್ತಿದವು. ಆ ವ್ಯಾಜ್ಯಕ್ಕೆ ವಕೀಲನಾಗಿ ಬಂದ ಥಾಮಸ್ ವಿಲಿಯಮ್ಸ್ ಕೊನೆಗೆ ಗಣಿಯ ಪಾಲುದಾರನಾದ, ಬ್ರಿಟನ್ನಿನ ‘ತಾಮ್ರದ ದೊರೆ’ ಎನಿಸಿಕೊಂಡ. 1780ರ ದಶಕದ ಹೊತ್ತಿಗೆ ಇದು ಯುರೋಪಿನಲ್ಲೇ ದೊಡ್ಡ ತಾಮ್ರದ ಗಣಿಯಾಗಿತ್ತು.

ಗಂಡಸರು ಹೊಂಡದ ಅಂಚಿನ ಮರದ ಅಟ್ಟಣೆಗಳಿಂದ ಹಗ್ಗ ಹಿಡಿದು ಇಳಿದು, ಮದ್ದು ಸಿಡಿಸಿ ಬಂಡೆ ಒಡೆಯುತ್ತಿದ್ದರು. ಮೇಲೆ ಬಂದ ಕಲ್ಲನ್ನು ಸುತ್ತಿಗೆಯಿಂದ ಚೂರು ಮಾಡಿ, ಅದಿರನ್ನು ಆರಿಸುವುದು ಹೆಂಗಸರ ಕೆಲಸ. ಕಲ್ಲು ಹಿಡಿಯುವ ಎಡಗೈಗೆ ಕಬ್ಬಿಣದ ಪಟ್ಟಿಯ ಕವಚ, ಬಲಗೈಯಲ್ಲಿ ಸುತ್ತಿಗೆ. ‘ಕಾಪರ್ ಲೇಡಿಗಳು’ ಎಂಬುದು ಅವರಿಗೆ ಊರು ಕೊಟ್ಟ ಹೆಸರು. ಆರಿಸಿದ ಅದಿರನ್ನು ಗೂಡುಗಳಲ್ಲಿ ಸುಡುವಾಗ ಏಳುತ್ತಿದ್ದ ಗಂಧಕದ ಹೊಗೆ ಸುತ್ತಲಿನ ಗಿಡಮರಗಳನ್ನು ಒಣಗಿಸಿತು. ಅಲ್ಲೇ ಇದ್ದವರ ಉಸಿರಾಟ ಹೇಗಿದ್ದೀತೆಂದು ಊಹಿಸಬಹುದು.

ಇಷ್ಟೊಂದು ತಾಮ್ರ ಯಾರಿಗೆ ಬೇಕಿತ್ತು? ಮೊದಲ ಗಿರಾಕಿ ಹಡಗು. ಬಿಸಿ ಕಡಲುಗಳಲ್ಲಿ ಮರವನ್ನು ಕೊರೆಯುವ ಹುಳುಗಳಿಂದ ಹಡಗಿನ ತಳವನ್ನು ಕಾಪಾಡಲು ಬ್ರಿಟಿಷ್ ನೌಕಾಪಡೆ ತಾಮ್ರದ ತಗಡು ಹೊದಿಸತೊಡಗಿತು. ಆದರೆ ಉಪ್ಪುನೀರಿನಲ್ಲಿ ತಾಮ್ರ ಮತ್ತು ಕಬ್ಬಿಣ ಒಂದಕ್ಕೊಂದು ತಾಗಿದ್ದರೆ ಕರಗುವುದು ಕಬ್ಬಿಣ. ತಗಡು ಭದ್ರವಾಗಿತ್ತು, ಒಳಗೆ ಹಲಗೆಗಳನ್ನು ಹಿಡಿದಿದ್ದ ಕಬ್ಬಿಣದ ಬೋಲ್ಟುಗಳು ಸವೆದುಹೋದವು. ಆಗ ತಾಮ್ರದ್ದೇ ಗಟ್ಟಿ ಬೋಲ್ಟು ಮಾಡಿಸಿ ಮಾರಿದವರಲ್ಲಿ ವಿಲಿಯಮ್ಸ್ ಮುಂದಿದ್ದ.

ಎರಡನೆಯದು ನಾಣ್ಯ. ಬ್ರಿಟನ್ನಿನ ಸರ್ಕಾರಿ ಟಂಕಸಾಲೆ ಚಿಲ್ಲರೆ ತಾಮ್ರದ ಕಾಸನ್ನು ಸಾಕಷ್ಟು ಹೊರತರುತ್ತಿರಲಿಲ್ಲ. ಕೂಲಿ ಕೊಡಲು ಕಾಸಿಲ್ಲದ ಕಂಪನಿ 1787ರಲ್ಲಿ ತನ್ನದೇ ಪೆನ್ನಿ ಹೊಡೆಸಿತು. ಒಂದು ಬದಿಯಲ್ಲಿ ಗಡ್ಡದ ಡ್ರೂಯಿಡ್ ಪುರೋಹಿತನ ಮುಖ, ಇನ್ನೊಂದರಲ್ಲಿ ಕಂಪನಿಯ ಅಕ್ಷರಗಳು. ಅದೇ ಕಾಲದಲ್ಲಿ ನಮ್ಮ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಆನೆಯ ಚಿತ್ರದ ತಾಮ್ರದ ಪೈಸೆ ಹೊಡೆಸುತ್ತಿದ್ದ. ಇಲ್ಲಿ ನಾಣ್ಯ ದೊರೆಯ ಗುರುತು, ಅಲ್ಲಿ ಗಣಿ ಮಾಲೀಕನ ಗುರುತು.

ಮೂರನೆಯದನ್ನು ಓದುವಾಗ ಮನಸ್ಸು ಕಹಿಯಾಗುತ್ತದೆ. ಲಿವರ್‌ಪೂಲಿನ ವರ್ತಕರು ಆಫ್ರಿಕಾದಲ್ಲಿ ಮನುಷ್ಯರನ್ನು ಕೊಳ್ಳಲು ಒಯ್ಯುತ್ತಿದ್ದ ಸರಕುಗಳಲ್ಲಿ ತಾಮ್ರ, ಹಿತ್ತಾಳೆಯ ಪಾತ್ರೆಗಳೂ ಮನಿಲ್ಲಾ ಎಂಬ ಬಳೆಗಳೂ ಇದ್ದವು. ಅವನ್ನು ತಯಾರಿಸುತ್ತಿದ್ದ ಕಾರ್ಖಾನೆಗಳು ವಿಲಿಯಮ್ಸ್‌ಗೂ ಇದ್ದವು. 1788ರಲ್ಲಿ ಗುಲಾಮರ ಸಾಗಣೆಗೆ ಕಡಿವಾಣ ಹಾಕುವ ಮಸೂದೆ ಬಂದಾಗ ಅವನು ಪಾರ್ಲಿಮೆಂಟಿಗೆ ವಿರೋಧದ ಅರ್ಜಿ ಕೊಟ್ಟ. ಊರಿನ ಜನ ಅವನನ್ನು ವೆಲ್ಷ್ ಭಾಷೆಯಲ್ಲಿ ‘ನ್ಯಾಯವಂತ ಟಾಮ್’ ಎಂಬ ಅರ್ಥದ ಹೆಸರಿನಿಂದ ಕರೆಯುತ್ತಿದ್ದರು. ಆ ನ್ಯಾಯದ ಗಡಿ ಎಲ್ಲಿ ಮುಗಿಯುತ್ತಿತ್ತು ಎಂಬುದಕ್ಕೆ ಈ ಅರ್ಜಿಯೇ ಸಾಕ್ಷಿ.

ಈಗ ನೀರಿನ ಮಾತು. ಗಂಧಕವಿರುವ ಅದಿರು ಗಾಳಿಗೂ ಮಳೆಗೂ ತೆರೆದುಕೊಂಡರೆ ಗಂಧಕಾಮ್ಲವಾಗುತ್ತದೆ. ಆಮ್ಲದಲ್ಲೇ ಬದುಕುವ ಸೂಕ್ಷ್ಮಜೀವಿಗಳು ಆ ಕೆಲಸವನ್ನು ಇನ್ನಷ್ಟು ಚುರುಕು ಮಾಡುತ್ತವೆ. ಆಮ್ಲ ಕಲ್ಲಿನೊಳಗಿನ ತಾಮ್ರವನ್ನು ಕರಗಿಸಿಕೊಳ್ಳುತ್ತದೆ. ಅಡಿಕೆ ತೋಟದವರಿಗೆ ಬೋರ್ಡೋ ದ್ರಾವಣದ ಮೈಲುತುತ್ತ ಗೊತ್ತಲ್ಲ, ಅದೇ ತಾಮ್ರದ ಸಲ್ಫೇಟ್ ಗಣಿಯ ನೀರಿನಲ್ಲಿ ಕರಗಿರುತ್ತದೆ. ಆ ದ್ರಾವಣದಲ್ಲಿ ಕಬ್ಬಿಣದ ಮೊಳೆ ಅದ್ದಿದರೆ ಮೊಳೆಯ ಮೇಲೆ ತಾಮ್ರ ಕೂರುವುದನ್ನು ಶಾಲೆಯ ಪ್ರಯೋಗದಲ್ಲಿ ನೋಡಿರುತ್ತೀರಿ. ಗಣಿಯವರು ಮಾಡಿದ್ದೂ ಅದನ್ನೇ. ನೀರನ್ನು ತೊಟ್ಟಿಗಳಿಗೆ ಹಾಯಿಸಿ ಗುಜರಿ ಕಬ್ಬಿಣ ಹಾಕುತ್ತಿದ್ದರು. ಕಬ್ಬಿಣ ಕರಗಿ, ತಾಮ್ರ ಕೆಸರಾಗಿ ತಳಕ್ಕೆ ಇಳಿಯುತ್ತಿತ್ತು. ಮುಂದಿನ ಕೊಳಗಳಲ್ಲಿ ಕಬ್ಬಿಣವೂ ಕಾವಿಯಾಗಿ ಇಳಿಯುತ್ತಿತ್ತು. ಅದನ್ನು ಬಣ್ಣದವರಿಗೆ ಮಾರುತ್ತಿದ್ದರು. ಹಡಗಿನಲ್ಲಿ ನಷ್ಟ ತಂದ ಕಬ್ಬಿಣ-ತಾಮ್ರದ ಹಗೆ ಇಲ್ಲಿ ಲಾಭ ತಂದಿತು.

ಮೇಲ್ಪದರದ ಅದಿರು 1800ರ ಸುಮಾರಿಗೆ ಬಡವಾಗತೊಡಗಿತು. ಮುಂದೆ ಆಳಕ್ಕೆ ಇಳಿದರೂ ಹಳೆಯ ವೈಭವ ಮರಳಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಅಗೆತ ನಿಂತೇಹೋಯಿತು. ತೊಟ್ಟಿಗಳ ಕೆಲಸ ಮಾತ್ರ 1950ರ ದಶಕದವರೆಗೆ ಕುಂಟುತ್ತಾ ಸಾಗಿತು. ಆಮೇಲೆ ಎಲ್ಲರೂ ಹೋದರು, ನೀರು ಉಳಿಯಿತು. ಅದು ನೆಲದಡಿಯ ಸುರಂಗಗಳಲ್ಲಿ ಒಂದು ಕಾಂಕ್ರೀಟ್ ತಡೆಗೋಡೆಯ ಹಿಂದೆ ತುಂಬಿಕೊಂಡಿತ್ತು. ಗೋಡೆ ಒಡೆದರೆ ಆಮ್ಲದ ನೀರು ಆಮ್ಲೂಖಿಗೇ ನುಗ್ಗೀತೆಂಬ ಭಯದಿಂದ 2003ರಲ್ಲಿ ಅದನ್ನು ಪಂಪುಗಳಿಂದ ಬರಿದು ಮಾಡಿ ಗೋಡೆಯನ್ನು ತೆಗೆದರು.

ಅಂದಿನಿಂದ ಗುಡ್ಡದ ನೀರು ಅವೊನ್ ಗೋಖ್ ಎಂಬ ಹೊಳೆಯ ಮೂಲಕ ಊರನ್ನು ಹಾದು ಐರಿಷ್ ಸಮುದ್ರಕ್ಕೆ ಸೇರುತ್ತಿದೆ. ಅವೊನ್ ಗೋಖ್ ಎಂದರೆ ಕೆಂಪು ಹೊಳೆ. ಹೆಚ್ಚೂಕಡಿಮೆ ಜೀವವೇ ಇಲ್ಲದ ಅದರ ನೀರಿನಲ್ಲಿ ಇಂದಿಗೂ ತಾಮ್ರ, ಸತು ಕರಗಿವೆ. ಅಂದು ಗುಜರಿ ಕಬ್ಬಿಣ ಹಾಕಿ ಕಾಸಿನಂತೆ ಎಣಿಸಿ ಹಿಡಿದಿಟ್ಟ ತಾಮ್ರ ಇದೇ. ಲಾಭ ನಿಂತ ಮೇಲೆ ಅದಕ್ಕೆ ಮಾಲಿನ್ಯ ಎಂದು ಹೆಸರಾಯಿತು. ಲಾಭ ಹಂಚಿಕೊಂಡವರ ಹೆಸರುಗಳು ದಾಖಲೆಗಳಲ್ಲಿವೆ, ದ್ವೀಪದ ಹೆಸರು ಒಂದು ಹರಳಿನಲ್ಲಿದೆ. ಹೊಳೆಯ ಖರ್ಚು ಮಾತ್ರ ಗಣಿಯನ್ನು ಕಂಡೇ ಇರದ ಮೊಮ್ಮಕ್ಕಳ ಲೆಕ್ಕಕ್ಕೆ ಬಿದ್ದಿದೆ.